ಹುಳದ ಮನೆಯ ಮಗಳು ಓತಿಗೆ ಉಣಿಸಿದ್ದು

ತಮ್ಮ ಹೋದ ಮೇಲೆ ಅವನ ಓತಿಕ್ಯಾತ ನನ್ನ ಪಾಲಿಗೆ ಬಂತು. ಆಸ್ಟ್ರೇಲಿಯಾ ಕಡೆಯದಂತೆ. ಕತ್ತಿನ ಸುತ್ತ ಮುಳ್ಳುಗಡ್ಡ, ಸಿಟ್ಟು ಬಂದರೆ ಆ ಗಡ್ಡ ಕಪ್ಪಾಗುತ್ತದೆ. ನಾಯಂಡಹಳ್ಳಿಯ ತನ್ನ ವರ್ಕ್‌ಶಾಪಿನಲ್ಲಿ ಎದೆ ಹಿಡಿದುಕೊಂಡು ಕೂತ ತಮ್ಮ ಮತ್ತೆ ಏಳಲಿಲ್ಲ. ಮದುವೆಯಾಗಿರಲಿಲ್ಲ. ಕೆಂಗೇರಿ ಉಪನಗರದ ಮನೆಯಲ್ಲಿ ಉಳಿದದ್ದು ಅಮ್ಮ, ನಾನು, ಗಾಜಿನ ಪೆಟ್ಟಿಗೆಯೊಳಗೆ ಬಲ್ಬಿನ ಕೆಳಗೆ ಇದು.

ನನಗೆ ಅಳುವೇ ಬಂದಿರಲಿಲ್ಲ. ತಿಥಿ ಮುಗಿಯಿತು, ನೆಂಟರು ಹೋದರು, ನಾನು ಶಾಲೆಗೆ ಹೋಗಿ ಪಾಠ ಮಾಡಿದೆ. ಜನ ಏನೇನೋ ಹೇಳಿದರು, ತಲೆಯಾಡಿಸಿದೆ. ಅಮ್ಮ ಮಾತ್ರ ಒಂದೇ ಮಾತು ಹೇಳಿದ್ದಳು: “ಇದೊಂದನ್ನ ಸಾಯಕ್ಕೆ ಬಿಡ್ಬೇಡ ಕಣೇ. ಇನ್ನೊಂದು ಸಾವು ನನ್ ಕೈಲಿ ನೋಡಕ್ಕಾಗಲ್ಲ.”

ಅದಕ್ಕೆ ಜೀವಂತ ಹುಳವೇ ಆಗಬೇಕು. ಅಲುಗಾಡದಿದ್ದರೆ ಮೂಸಿಯೂ ನೋಡುವುದಿಲ್ಲ ಈ ಮಹಾರಾಯ. ತಮ್ಮ ವಿಜಯನಗರದ ಅಂಗಡಿಯಿಂದ ‘ಕ್ರಿಕೆಟ್’ ತರುತ್ತಿದ್ದ. ಮೊದಲ ಸಲ ಕೇಳಿದಾಗ ಅಮ್ಮ ಬ್ಯಾಟು ಬಾಲು ಎಂದುಕೊಂಡಿದ್ದಳು. ಡಬ್ಬಿ ತೆಗೆದರೆ ಕಿರ್ರೆನ್ನುವ ಚಿಮ್ಮಂಡೆ ಹುಳಗಳು. ಈಗ ಆ ಕೆಲಸ ನನ್ನದು. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಚಿಮ್ಮಂಡೆಗಳ ಮೇಲೆ ಕ್ಯಾಲ್ಸಿಯಂ ಪುಡಿ ಹಾಕಿ ಕುಲುಕಿ, ಬಜ್ಜಿಗೆ ಹಿಟ್ಟು ಹಚ್ಚಿದ ಹಾಗೆ ಬೆಳ್ಳಗಾದ ಮೇಲೆ ಇಕ್ಕಳದಲ್ಲಿ ಹಿಡಿದು ಒಳಗೆ ಬಿಡುತ್ತಿದ್ದೆ. ಒದ್ದಾಡುವ ಕಾಲುಗಳನ್ನು ನೋಡಿ ಅಯ್ಯೋ ಅನ್ನಿಸಬೇಕಿತ್ತು. ಏನೂ ಅನ್ನಿಸುತ್ತಿರಲಿಲ್ಲ. ಗ್ಯಾಸ್ ಆಫ್ ಮಾಡುವುದು, ಬಾಗಿಲು ಹಾಕುವುದು, ಇದೂ ಒಂದು.

ಒಂದು ದಿನ ಓತಿ ತಿನ್ನುವುದನ್ನು ನಿಲ್ಲಿಸಿತು. ಚಿಮ್ಮಂಡೆ ಮೂತಿಯ ಮೇಲೇ ಹತ್ತಿ ಇಳಿದರೂ ಕಣ್ಣು ಬಿಡಲಿಲ್ಲ. ಅಮ್ಮ ಬಗ್ಗಿ ನೋಡಿ, “ಜ್ವರಕ್ಕೆ ಕೂತಿದೆ, ಮುಟ್ಬೇಡ” ಎಂದಳು. ಬಿಡದಿಯ ಆಚೆ ಅವಳ ತವರಿನಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ, ತಲೆಯೆತ್ತಿ ಸುಮ್ಮನೆ ಕೂರುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಆಗ ಮೇವು ಹಾಕುವಂತಿಲ್ಲ, ಅಲುಗಿಸುವಂತಿಲ್ಲ. ತಾನಾಗಿ ಎದ್ದು ತಿನ್ನುತ್ತದೆ. ಓತಿಯೂ ಪೊರೆ ಬಿಡುತ್ತದಲ್ಲ, ಇದ್ದರೂ ಇರಬಹುದು ಎಂದು ನಾನೂ ಕೈಕಟ್ಟಿ ಕೂತೆ. ಪೊರೆಯೂ ಇಲ್ಲ, ಮಣ್ಣೂ ಇಲ್ಲ. ಬಾಲದ ಬುಡ ಬತ್ತಿ ಎಲುಬು ಕಾಣತೊಡಗಿತು.

ರಟ್ಟಿನ ಡಬ್ಬಕ್ಕೆ ಹಾಕಿಕೊಂಡು ಪ್ರಾಣಿಗಳ ಡಾಕ್ಟರ ಹತ್ತಿರ ಓಡಿದೆ. ಅವರು ಹೊಟ್ಟೆ ಒತ್ತಿ ನೋಡಿ, “ಔಷಧಿ ಕೊಡ್ತೀನಿ ಮೇಡಂ. ಆದ್ರೆ ಹೊಟ್ಟೆಗೆ ಏನಾದ್ರೂ ಹೋಗ್ಲೇಬೇಕು. ಮೆತ್ತಗಿರೋದು ಕೊಡಿ. ರೇಷ್ಮೆ ಹುಳ ಸಿಕ್ಕಿದ್ರೆ ನೋಡಿ, ತಿಂದ್ರೂ ತಿನ್ನಬಹುದು. ಇಲ್ಲಾಂದ್ರೆ ಉಳಿಯೋದು ಕಷ್ಟ” ಎಂದರು.

ಇದನ್ನು ಅಮ್ಮನಿಗೆ ಹೇಗೆ ಹೇಳುವುದು? ಹುಳದ ಮನೆಗೆ ಹಲ್ಲಿ, ಓತಿಗಳೇ ಹಗೆ. ಹುಡುಗಿಯಾಗಿದ್ದಾಗ ಅಮ್ಮನ ಕೆಲಸವೇ ಪೊರಕೆ ಹಿಡಿದು ಹುಳದ ತಟ್ಟೆಗಳಿಗೆ ಕಾವಲು ಕೂರುವುದು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಒಳಗೆ ಹೋಗಬೇಕಾದ ಮನೆ ಅದು. ಹೇಳಿದೆ, ಇನ್ನೇನು ಮಾಡಲಿ. ಅಮ್ಮ ಸೀರೆ ಬದಲಾಯಿಸಿ, ಮೈಸೂರು ರೋಡಿಗೆ ನಡೆದು ಬಸ್ಸು ಹತ್ತಿದಳು.

ಸಂಜೆ ಬಂದಾಗ ಕೈಯಲ್ಲಿ ತೂತು ಮಾಡಿದ ಸ್ವೀಟ್ ಬಾಕ್ಸು, ಒಳಗೆ ಸೊಪ್ಪಿನ ಮೇಲೆ ಬೆಳ್ಳನೆಯ ಹುಳಗಳು.

“ಏನಂತ ಹೇಳಿ ತಂದ್ಯಮ್ಮಾ?”

“ನಿನ್ ಸ್ಕೂಲ್ ಮಕ್ಕಳಿಗೆ ತೋರ್ಸಕ್ಕೆ ಅಂದೆ. ಓತಿಗೆ ಅಂದಿದ್ರೆ ನಮ್ಮಣ್ಣ ನನ್ನ ಅಲ್ಲೇ ಹೂತಾಕ್‌ಬಿಡ್ತಿದ್ದ.”

ಇಕ್ಕಳ ಕೊಡಲು ಹೋದರೆ ಬೇಡವೆಂದಳು. ಒಂದು ಹುಳವನ್ನು ಅಂಗೈಯಲ್ಲಿಟ್ಟುಕೊಂಡು, “ತಪ್ಪಾಯ್ತು ಕಣವ್ವ” ಎಂದು ಹುಳಕ್ಕೆ ಹೇಳಿ, ಪೆಟ್ಟಿಗೆಯೊಳಗೆ ಕೈಯಿಟ್ಟಳು. “ತಿನ್ನಪ್ಪಾ. ತಿನ್ನು ನನ್ ಕಂದ.”

ಓತಿ ಒಂದು ಕಣ್ಣು ತೆರೆಯಿತು. ಹುಳ ತಲೆಯೆತ್ತಿ ಅಲುಗಿತು. ಓತಿ ಪಟ್ಟನೆ ನಾಲಿಗೆ ಚಾಚಿ ಎಳೆದುಕೊಂಡು ಅಗಿಯತೊಡಗಿತು. ಆಮೇಲೆ ಇನ್ನೊಂದನ್ನೂ ತಿಂದಿತು.

ಅಮ್ಮ ನನ್ನತ್ತ ತಿರುಗಿ ನಕ್ಕಳು. ನನಗೆ ಖುಷಿಯಾಗಬೇಕಿತ್ತು. ಬಂದದ್ದು ಕೆಟ್ಟ ಕೋಪ. ತಮ್ಮ ಹೋದಾಗಿನಿಂದ ನನಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು. “ಹಾಳಾದ್ದು! ಇದಕ್ಕೆ ಬದುಕಕ್ಕೆ ಬರತ್ತೆ, ಅವನಿಗ್ಯಾಕೆ ಬರ್ಲಿಲ್ಲ?” ಎಂದು ಕಿರುಚಿದೆ. ಆ ಗಾಜನ್ನು ಒದ್ದು ಒಡೆಯಬೇಕೆನ್ನಿಸಿತು.

ಅಮ್ಮ ಬೆಚ್ಚಲಿಲ್ಲ. ನನ್ನ ಕೈ ಎಳೆದು, ಮುಷ್ಟಿ ಬಿಡಿಸಿ, ಅಂಗೈಯಲ್ಲಿ ಒಂದು ಹುಳ ಇಟ್ಟಳು. ತಣ್ಣಗೆ, ಮೆತ್ತಗೆ ಹರಿದಾಡಿತು.

“ಬೈಕೊಂಡೇ ಕೊಡು. ಅವನೂ ನಿನ್ ಕೈಲಿ ಬೈಸ್ಕೊಂಡೇ ತಾನೇ ಉಣ್ತಿದ್ದಿದ್ದು.”

ಕೊಟ್ಟೆ. ಓತಿ ಹುಳದ ಜೊತೆ ನನ್ನ ಬೆರಳನ್ನೂ ಸೇರಿಸಿ ಕಚ್ಚಿತು. ಅದೇ ನೆಪವಾಗಿ ಗೊಳೋ ಎಂದು ಅತ್ತುಬಿಟ್ಟೆ.