ಖಾಲಿ ಡಬ್ಬಿ ತೊಳೆದ ನೀರು

ನಮ್ಮದು ಚಿಂಚೋಳಿಯಲ್ಲಿ ಬೀಜ, ಗೊಬ್ಬರ, ಕೀಟನಾಶಕದ ಅಂಗಡಿ. ಕೀಟನಾಶಕ ಅಂದರೆ ನಮ್ಮ ಕಡೆ ಯಾರೂ ತಿರುಗಿ ನೋಡುವುದಿಲ್ಲ, ‘ಎಣ್ಣಿ’ ಅನ್ನಬೇಕು. ತೊಗರಿ ಹೂ ಬಿಟ್ಟು ಕೀಡಿ ಕಾಣಿಸಿತೆಂದರೆ ಸಾಕು, ನಾವು ಬಾಗಿಲು ತೆಗೆಯುವ ಮೊದಲೇ ಎಣ್ಣಿಗೆ ಜನ ಬಂದು ಕಟ್ಟೆಯ ಮೇಲೆ ಕೂತಿರುತ್ತಾರೆ. ಮಾರುವುದು ನಮ್ಮ ಯಜಮಾನರ ಕೆಲಸ, ಬಂದವರನ್ನು ಮಾತಿಗೆ ಎಳೆಯುವುದು ನನ್ನದು. ‘ಊರ ಉಸಾಬರಿ ಎಲ್ಲಾ ನಿನಗ ಬೇಕು’ ಅಂತ ಅವರು ಬೈಯುತ್ತಿರುತ್ತಾರೆ. ಬೇಕು, ಏನೀಗ? ಕಣ್ಣೆದುರು ಒಂದು ನಡೆದಾಗ ಅದು ಯಾಕೆ ಹೀಗೆ ಅಂತ ಕೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ.

ಹಾಗಾಗಿ ಎಣ್ಣಿ ಕಂಪನಿಯ ಸಾಹೇಬರು ದೊಡ್ಡದೊಂದು ನೀಲಿ ಡ್ರಮ್ ತಂದು ಅಂಗಡಿಯ ಮುಂದೆ ಇಳಿಸಿದ ದಿನ ನಾನು ಸುಮ್ಮನಿರಲು ಸಾಧ್ಯವೇ ಇರಲಿಲ್ಲ. ರೈತರು ಬಳಸಿ ಬಿಸಾಕಿದ ಖಾಲಿ ಡಬ್ಬಿಗಳನ್ನು ಇದರಲ್ಲಿ ಹಾಕಿಸಿ, ತುಂಬಿದ ಮೇಲೆ ನಾವು ಒಯ್ಯುತ್ತೇವೆ ಎಂದರು.

‘ಡಬ್ಬಿ ಕೊಡೋದು ಗೊತ್ತು, ಖಾಲಿ ಡಬ್ಬಿ ವಾಪಸ್ ತಗೊಳೋದು ಯಾಕ್ರಿ ಸಾಹೇಬ್ರ? ಸರ್ಕಾರದವ್ರು ಹೇಳ್ಯಾರೇನು?’ ಎಂದೆ.

ಸಾಹೇಬರು ಮೈಸೂರಿನ ಕಡೆಯವರು. ‘ಡ್ರಮ್ ಇಡಿ ಅಂತ ನಮಗೆ ಯಾರೂ ಹೇಳಿಲ್ಲಮ್ಮ. ಕಂಪನಿಯವರು ನಾವಾಗಿಯೇ ಮಾಡ್ತಿದ್ದೀವಿ. ಡಬ್ಬಿ ಹಳ್ಳಕ್ಕೆ ಬೀಳಬಾರದು, ಯಾರೂ ಅದರಲ್ಲಿ ಕುಡಿಯೋ ನೀರು ತುಂಬಬಾರದು, ಅಷ್ಟೇ’ ಎಂದರು.

ಮಾರಲು ಬಂದವನು ತಾನಾಗಿಯೇ ಒಳ್ಳೆಯದು ಮಾಡುತ್ತೇನೆ ಅಂದರೆ ನನಗೆ ಮೊದಲು ಸಂಶಯ, ಆಮೇಲೆ ಕುತೂಹಲ. ಅವರು ಗೋಡೆಗೆ ಒಂದು ಚಿತ್ರ ಅಂಟಿಸಿದರು. ಡಬ್ಬಿ ಖಾಲಿಯಾದ ಕೂಡಲೇ ನೀರು ಹಾಕಿ ಕುಲುಕಬೇಕು, ಆ ನೀರನ್ನು ಸಿಂಪಡಿಸುವ ಪಂಪಿಗೇ ಸುರಿಯಬೇಕು. ಹೀಗೆ ಮೂರು ಸಲ. ಆಮೇಲೆ ಡಬ್ಬಿಗೆ ತೂತು ಹೊಡೆಯಬೇಕು. ಎಲ್ಲರಿಗಿಂತ ಸ್ವಚ್ಛ ಡಬ್ಬಿ ತಂದವರಿಗೆ ಕುಕ್ಕರ್ ಬಹುಮಾನ ಅಂತಲೂ ಸಾರಿಬಿಟ್ಟರು.

ಡ್ರಮ್ ತುಂಬಿತು, ಅದರ ಪಕ್ಕದಲ್ಲಿ ಮೂಟೆಗಳೂ ತುಂಬಿದವು. ಒಯ್ದು ಏನು ಮಾಡುತ್ತಾರೆ ಎಂಬುದನ್ನು ಕಣ್ಣಾರೆ ನೋಡದೆ ನನಗೆ ಸಮಾಧಾನವಿಲ್ಲ. ಮೂಟೆ ಒಯ್ಯುವ ಟೆಂಪೋ ನಡೆಸುವವನು ನಮ್ಮ ಓಣಿಯವನೇ. ಅವನ ಪಕ್ಕದಲ್ಲಿ ಬುತ್ತಿ ಕಟ್ಟಿಕೊಂಡು ಕೂತೇಬಿಟ್ಟೆ. ಸೇಡಂ, ಚಿತ್ತಾಪುರ ದಾಟಿ ವಾಡಿಗೆ ಹೋದೆವು. ಅಲ್ಲಿನ ಸಿಮೆಂಟಿನ ಭಟ್ಟಿಗೆ ಈ ಡಬ್ಬಿಗಳನ್ನು ಹಾಕಿ ಸುಡುತ್ತಾರಂತೆ. ಕಲ್ಲನ್ನೇ ಸುಟ್ಟು ಹಿಟ್ಟು ಮಾಡುವ ಬೆಂಕಿ, ಪ್ಲಾಸ್ಟಿಕ್ ಯಾವ ಲೆಕ್ಕ. ಭಟ್ಟಿಯ ಹತ್ತಿರ ನಮ್ಮನ್ನು ಬಿಡಲಿಲ್ಲ, ನನಗೆ ಅದೊಂದು ಬೇಜಾರು. ಅಂಗಳದಲ್ಲಿ ಮೂಟೆ ಇಳಿಸಿಕೊಳ್ಳುತ್ತಿದ್ದವನು ಒಂದು ಮೂಟೆಯನ್ನು ಬಿಚ್ಚಿ ಡಬ್ಬಿಯನ್ನು ಮೂಗಿಗೆ ಹಿಡಿದ.

‘ಇವು ಯಾವೂರಿನವು ಅಕ್ಕಾರ? ಊಟದ ತಾಟು ತಿಕ್ಕಿದಂಗ ತಿಕ್ಕ್ಯಾರ. ಇಷ್ಟು ಬೆಳ್ಳಗ ಯಾರೂ ತರಂಗಿಲ್ಲ ಬಿಡ್ರಿ.’

‘ಐನಾಪುರದವು. ನಮ್ಮ ನಾದಿನಿ ಮನೀವು’ ಎಂದೆ. ಹೆಮ್ಮೆಯಿಂದಲೇ ಹೇಳಿದೆ. ನಮ್ಮವರ ತಂಗಿಯನ್ನು ಐನಾಪುರಕ್ಕೆ ಕೊಟ್ಟಿದೆ. ಆಕೆ ಮುಟ್ಟಿದ ಪಾತ್ರೆ ಹೊಳೆಯಲೇಬೇಕು, ಅಂಥ ಕೈ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಎಣ್ಣಿಯ ಕಲೆ ಎಂಥದ್ದೆಂದು ನನಗೆ ಗೊತ್ತು, ಅಂಗಡಿಯ ಹಲಗೆಗೆ ಒಮ್ಮೆ ಹತ್ತಿದರೆ ಬಟ್ಟೆಯಿಂದ ಒರೆಸಿದರೂ ಹೋಗುವುದಿಲ್ಲ. ಬರೀ ನೀರಿನಲ್ಲಿ ಮೂರು ಸಲ ಕುಲುಕಿದರೆ ಅಷ್ಟು ಬೆಳ್ಳಗೆ ಹೇಗಾದೀತು? ಕೇಳಿಕೊಂಡೇ ಬರೋಣವೆಂದು ಮುಂದಿನ ವಾರ ಐನಾಪುರದ ಬಸ್ಸು ಹತ್ತಿದೆ.

ನಾದಿನಿಯ ಮನೆ ಹೊಲದ ಅಂಚಿಗೇ ಇದೆ, ಮನೆಯ ಮಗ್ಗುಲಿಗೆ ಬಾವಿ. ಊರಿನಲ್ಲಿ ನಲ್ಲಿ ಇದ್ದರೂ ಆ ಓಣಿಯ ಐದಾರು ಮನೆಯವರು ಕುಡಿಯುವುದು ಈ ಬಾವಿಯ ನೀರನ್ನೇ. ಬೇಳೆ ಚೆನ್ನಾಗಿ ಬೇಯುತ್ತದೆ ಅಂತ ಅದರ ಮೇಲೆ ಎಲ್ಲರಿಗೂ ಪ್ರೀತಿ. ನಾನು ಹೋದಾಗ ಬಾವಿಯ ಸುತ್ತ ಹಾಸಿದ ಶಹಾಬಾದ್ ಕಲ್ಲಿನ ಮೇಲೆ ನಾದಿನಿ ಮತ್ತು ನೆರೆಯ ಹೆಂಗಸರು ಸೀರೆ ಎತ್ತಿಕಟ್ಟಿ ಕೂತಿದ್ದರು. ಮುಂದೆ ಎಣ್ಣಿ ಡಬ್ಬಿಗಳ ರಾಶಿ. ಡಬ್ಬಿಯೊಳಗೆ ಬೂದಿ, ಸಣ್ಣ ಹರಳು, ನೀರು ಹಾಕಿ ಗಡಗಡ ಕುಲುಕುತ್ತಿದ್ದರು, ಕಲ್ಲಿನ ಮೇಲೆ ಚೆಲ್ಲುತ್ತಿದ್ದರು, ಮತ್ತೆ ಹಾಕುತ್ತಿದ್ದರು. ಚೆಲ್ಲಿದ ನೀರು ಹಾಲಿನಂತೆ ಬೆಳ್ಳಗೆ ಹರಿದು ಎರಡು ಕಲ್ಲುಗಳ ಸಂದಿಗೆ ಇಳಿಯುತ್ತಿತ್ತು. ಆ ಸಂದಿಯ ಕೆಳಗೇ ಬಾವಿ.

‘ವೈನಿ, ಬರ್ರಿ ಬರ್ರಿ. ಕುಕ್ಕರ್ ನಮಗೇ ಬರ್ತದ ಅಲ್ರಿ?’ ಎಂದಳು ನಾದಿನಿ.

‘ಮೂರು ಸಲ ತೊಳೀರಿ ಅಂದ್ರ ಇದೇನು ಮಾಡಾಕತ್ತೀರಿ?’

‘ಮೂರು ಸಲಕ್ಕ ಎಲ್ಲಿ ಹೋಗ್ತದರಿ? ವಾಸನಿ ಹೋಗೋತನ ತೊಳೀತೀವಿ.’

‘ಈ ನೀರು ಹೊಲದಾಗ ಪಂಪಿಗೆ ಹಾಕಬೇಕಿತ್ತಲ್ಲ?’

‘ಪಂಪು ಹೊರೋರು ಗಂಡಸ್ರು. ಅವ್ರು ಎಂದಾದ್ರೂ ಒಂದು ಡಬ್ಬಿ ತೊಳದಾರೇನ್ರಿ? ಒಡ್ಡಿನ ಮ್ಯಾಲ ಒಗದು ಬರ್ತಾರ. ನಾವು ಆರಿಸ್ಕೊಂಡು ಬಂದು ತೊಳೀತೀವಿ.’

ಕುಡಿದ ಲೋಟವನ್ನೂ ಕೂತಲ್ಲೇ ಬಿಟ್ಟು ಏಳುವ ಗಂಡಸರು ನಮ್ಮ ಕಡೆಯವರು. ತೊಳೆಯಬೇಕು ಎಂಬ ಮಾತು ಕಿವಿಗೆ ಬಿದ್ದರೆ ಅದು ಹೆಂಡತಿಗೆ ಹೇಳಿದ್ದು ಅಂತ ಅವರು ತಿಳಿದರು, ಹೆಂಡಂದಿರೂ ಹಾಗೆಯೇ ತಿಳಿದರು. ಬಹುಮಾನ ಬೇರೆ ಇತ್ತಲ್ಲ, ಮತ್ತಷ್ಟು ತಿಕ್ಕಿದರು.

ನಾನು ಆ ಕಲ್ಲಿನ ಸಂದಿಯನ್ನು ತೋರಿಸಿದೆ. ನಾದಿನಿ ಮೊದಲು ನಕ್ಕಳು. ‘ಖಾಲಿ ಡಬ್ಬ್ಯಾಗ ಏನಿರ್ತದ ವೈನಿ?’

‘ಏನೂ ಇಲ್ಲಂದ್ರ ಮೂರು ಸಲ ತೊಳೀರಿ ಅಂತ ಯಾಕ ಅಂತಿದ್ರು?’

ಕುಲುಕುತ್ತಿದ್ದ ಕೈಗಳು ಒಂದೊಂದಾಗಿ ನಿಂತವು. ನಾದಿನಿ ತನ್ನ ಅಂಗೈ ನೋಡಿಕೊಂಡಳು, ಆಮೇಲೆ ಬಗ್ಗಿ ಬಾವಿಯನ್ನು ನೋಡಿದಳು. ಅಷ್ಟರಲ್ಲಿ ಆಕೆಯ ಸೊಸೆ ನನಗೆಂದು ತಂಬಿಗೆಯಲ್ಲಿ ನೀರು ತಂದಳು. ನಾನು ಕೈ ಚಾಚುವ ಮೊದಲೇ ನಾದಿನಿ ಅದನ್ನು ಕಸಿದುಕೊಂಡಳು. ‘ನೀವು ಬ್ಯಾಡ್ರಿ ವೈನಿ’ ಎಂದಳು. ಬಂದವರಿಗೆ ನೀರು ಕೊಡದೆ ಕಳಿಸಿದ ಮನೆಯಲ್ಲ ಅದು. ಆ ಮಾತು ಹೇಳುವಾಗ ಆಕೆಯ ಮುಖ ನೋಡಲಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಆಕೆ ಅದೇ ತಂಬಿಗೆಯನ್ನು ತನ್ನ ಬಾಯಿಗೆ ಎತ್ತಿದಳು. ‘ಏ, ನಿನಗ ಬುದ್ಧಿ ಅದ ಇಲ್ಲ?’ ಎಂದೆ. ‘ಇಷ್ಟು ದಿನ ಕುಡದೀನಲ್ರಿ, ಇವತ್ತೇನು ಹೊಸದು?’ ಎಂದಳು. ನನಗೆ ಬಂದ ಸಿಟ್ಟಿಗೆ ತಂಬಿಗೆ ಕಿತ್ತು ನೀರನ್ನು ಅಂಗಳಕ್ಕೆ ಎರಚಿದೆ.

ಹೊಲದಿಂದ ಬಂದ ಆಕೆಯ ಗಂಡ ಎಲ್ಲ ಕೇಳಿ ತಲೆ ಕೆರೆದುಕೊಂಡರು. ‘ತೊಳೀರಿ ಅಂದ್ರು ಅಕ್ಕಾರ. ಯಾರು ತೊಳೀಬೇಕಂತ ಹೇಳಲಿಲ್ಲಲ್ರಿ.’

‘ಪಂಪು ಯಾರ ಬೆನ್ನ ಮ್ಯಾಲಿರ್ತದ?’ ಎಂದೆ.

ಸಾಹೇಬರಿಗೆ ಫೋನು ಮಾಡಿ ಚೆನ್ನಾಗಿ ಬೈದೆ. ಮನುಷ್ಯ ಒಳ್ಳೆಯವರು, ಬೈಸಿಕೊಂಡು ಮರುದಿನವೇ ಐನಾಪುರಕ್ಕೆ ಬಂದರು. ಕುಕ್ಕರಿನ ಮಾತನ್ನು ಕೈಬಿಟ್ಟರು. ಗಂಡಸರನ್ನು ಮಾತ್ರ ಹೊಲಕ್ಕೆ ಕರೆದುಕೊಂಡು ಹೋಗಿ ತೊಳೆಯುವುದನ್ನು ಹೇಳಿಕೊಟ್ಟರು. ಎಲ್ಲರ ಮುಂದೆ ಮೊದಲು ಡಬ್ಬಿ ಹಿಡಿದವರು ನಾದಿನಿಯ ಗಂಡ. ‘ನಾಳಿಗಿ ತಾಟೂ ತಿಕ್ತೀರೇನು ಮತ್ತ?’ ಎಂದು ಯಾರೋ ಕಾಲೆಳೆದರು. ‘ತಿಕ್ಕೂಣಂತ, ಮೊದಲ ಇದು ಕಲೀತೀನಿ’ ಎಂದು ಅವರು ಡಬ್ಬಿಯ ನೀರನ್ನು ಪಂಪಿಗೆ ಸುರಿದರು. ಆ ಹಂಗಾಮು ಮುಗಿಯುವವರೆಗೆ ಐನಾಪುರದಿಂದ ಬಂದ ಡಬ್ಬಿಗಳು ಮೊದಲಿನಷ್ಟು ಹೊಳೆಯಲಿಲ್ಲ. ನನಗೆ ಅದೇ ಸಂತೋಷ.

ಆದರೆ ಬಾವಿ? ಅದರ ನೀರು ಕೆಟ್ಟಿತೋ ಇಲ್ಲವೋ ಎಂಬುದೊಂದೇ ನಾದಿನಿಯ ಪ್ರಶ್ನೆ. ಸಾಹೇಬರು ತಾವೇ ಬಾಟಲಿಯಲ್ಲಿ ನೀರು ತುಂಬಿಸಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಓಣಿಯವರೆಲ್ಲ ಊರ ನಲ್ಲಿಯಿಂದ ನೀರು ಹೊತ್ತರು. ಬೇಳೆ ಬೇಯುವುದಿಲ್ಲ ಅಂತ ಮನೆಮನೆಯಲ್ಲೂ ಗೊಣಗಾಟ.

ಫಲಿತಾಂಶ ಬಂದ ದಿನ ನಾನೂ ಸಾಹೇಬರ ಜೊತೆ ಹೋದೆ. ‘ಏನೂ ಸಿಕ್ಕಿಲ್ಲಮ್ಮ, ನೀರು ಚೆನ್ನಾಗಿದೆ’ ಎಂದರು. ನೆರೆಯ ಹೆಂಗಸೊಬ್ಬಳು ಅಲ್ಲೇ ಬಾವಿಗೆ ಹಗ್ಗ ಇಳಿಸಿದಳು. ನನಗೂ ಉಸಿರು ಹಗುರಾಯಿತು.

ನಾದಿನಿ ಮಾತ್ರ ಕದಲಲಿಲ್ಲ. ‘ಯಾವ್ಯಾವ ಎಣ್ಣಿ ಹುಡುಕ್ಯಾರ್ರಿ ಸಾಹೇಬ್ರ?’

ಸಾಹೇಬರು ಮೂರು ನಾಲ್ಕು ಹೆಸರು ಹೇಳಿದರು. ಎಲ್ಲವೂ ಅವರ ಕಂಪನಿಯವೇ. ಆಕೆ ನನ್ನ ಕಡೆ ತಿರುಗಿದಳು. ‘ವೈನಿ, ನಿಮ್ಮ ಅಂಗಡ್ಯಾಗ ಎಷ್ಟು ನಮೂನಿ ಅವ?’

ನೆಲದಿಂದ ಛಾವಣಿಯವರೆಗಿನ ನಮ್ಮ ಹಲಗೆಗಳು ಕಣ್ಣಿಗೆ ಬಂದವು. ಎಲ್ಲ ಕಂಪನಿಯವೂ ಅಲ್ಲಿದ್ದವು, ಅದರಲ್ಲಿ ಅರ್ಧವಾದರೂ ಈ ಓಣಿಗೆ ಬಂದಿದ್ದವು.

‘ಉಳಿದವು ಹುಡುಕೋತನ ನಾ ನಲ್ಲಿ ನೀರೇ ತರ್ತೀನಿ’ ಎಂದು ಆಕೆ ಕೊಡ ಎತ್ತಿಕೊಂಡು ಹೊರಟಳು. ಗೋಡೆಯ ಬದಿಗೆ ಇನ್ನೊಂದು ಕೊಡ ಇತ್ತು. ನಾನು ಅದನ್ನು ಎತ್ತಿಕೊಂಡು ಆಕೆಯ ಹಿಂದೆ ನಡೆದೆ.