ಕತ್ತಿ ಮುಟ್ಟದ ನನ್ನ ಷಡ್ಡಕ

ಅವನ ಎಡ ಅಂಗೈ ಒಂದು ಸಲ ನೋಡಿದವರು ಮರೆಯುವುದು ಕಷ್ಟ. ತಾಮ್ರದ ತಂತಿ ಎಳೆದೂ ಎಳೆದೂ ಬೆರಳುಗಳ ಬುಡದಲ್ಲಿ ನಾಲ್ಕು ಅಡ್ಡಗೆರೆ ಬಿದ್ದಿದ್ದವು. ಆ ಗೆರೆಗಳೊಳಗೆ ವಾರ್ನಿಷ್ ಸೇರಿಕೊಂಡು ಕಂದು ಬಣ್ಣ. ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಕೆಲಸದ ನಡುವೆ ಯಾರಾದರೂ ಮಾತಾಡಿಸಿದರೆ, ತಂತಿಯನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಂಡೇ ಆ ಅಂಗೈಯನ್ನು ಟ್ರಾಫಿಕ್ ಪೊಲೀಸಿನವರ ಹಾಗೆ ಎತ್ತಿ ಹಿಡಿಯುತ್ತಿದ್ದ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಸುತ್ತು ಎಣಿಸುತ್ತಿದ್ದ.

ಕುಣಿಗಲ್‌ನಲ್ಲಿ ಅವನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟಾರಿಗೆ ತಾಮ್ರದ ತಂತಿ ಸುತ್ತಿ ಹೊಸ ಕಾಯಿಲ್ ಕಟ್ಟುವುದು ಕೆಲಸ. ಮೆಷಿನ್ನಿಗೆ ಎಣಿಸುವ ಮೀಟರ್ ಇತ್ತು, ಇವನಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಬಾಯಲ್ಲೇ ಎಣಿಸಬೇಕು. ನಡುವೆ ಎಣಿಕೆ ತಪ್ಪಿತೋ, ಅಂದಾಜಿಗೆ ಮುಂದುವರಿಸುವ ಪೈಕಿ ಅಲ್ಲ. ಅಷ್ಟನ್ನೂ ಬಿಚ್ಚಿ ಒಂದರಿಂದ ಶುರು ಮಾಡುತ್ತಿದ್ದ.

ನನಗೂ ಅವನಿಗೂ ಸಂಬಂಧ ಏನೆಂದರೆ, ಗುಬ್ಬಿಯ ಒಂದೇ ಮನೆಯ ಅಕ್ಕ ತಂಗಿಯರನ್ನು ಮದುವೆಯಾದವರು ನಾವು. ಅಕ್ಕ ನನ್ನ ಹೆಂಡತಿ, ತಂಗಿ ಅವನ ಹೆಂಡತಿ. ಷಡ್ಡಕ. ಇಬ್ಬರು ಷಡ್ಡಕರ ನಡುವೆ ಹೊಟ್ಟೆಕಿಚ್ಚು ಇರಲೇಬಾರದು ಅನ್ನುವವರು ಯಾರಾದರೂ ಇದ್ದರೆ ಅವರಿಗೆ ಒಬ್ಬನೇ ಅಳಿಯನಿರುವ ಮನೆಯಲ್ಲಿ ಮದುವೆಯಾಗಿರಬೇಕು.

ನಾನು ದೊಡ್ಡಳಿಯ. ತುಮಕೂರಿನಲ್ಲಿ ಮನೆ, ಪಕ್ಕದ ಸತ್ಯಮಂಗಲದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಹಬ್ಬಕ್ಕೆ ಹೋದರೆ ಮೊದಲ ಎಲೆ ನನ್ನದು, ಮೊದಲ ಒಬ್ಬಟ್ಟು ನನ್ನದು. ನಮ್ಮ ಮಾವ ಬಸ್ ಡ್ರೈವರಾಗಿದ್ದು ರಿಟೈರಾದವರು. ಪೌರಾಣಿಕ ನಾಟಕದ ಹುಚ್ಚು. ಗದೆ ಹಿಡಿದು ರಂಗದ ಮೇಲೆ ಬಂದರೆ ಹಲಗೆ ಅದುರುತ್ತಿತ್ತು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ನನ್ನನ್ನು ಕಂಡರೆ ಎದ್ದು ನಿಂತು "ಬನ್ನಿ ಅಳಿಯಂದ್ರೇ, ಕೂತ್ಕಳಿ" ಅನ್ನುವರು. ಅವನನ್ನು ಕಂಡರೆ ಕೂತಲ್ಲಿಂದಲೇ "ಬಾರಪ್ಪ, ಉಂಡಾ?" ಮೊದಮೊದಲು ಇದರಿಂದ ನನಗೆ ಜಂಬ. ಆಮೇಲೆ ಗೊತ್ತಾಯಿತು, ನನಗೆ ಸಿಗುತ್ತಿದ್ದುದು ಕುರ್ಚಿ, ಅವನಿಗೆ ಸಿಗುತ್ತಿದ್ದುದು ಚಾಪೆಯಲ್ಲಿ ಮಾವನ ಪಕ್ಕದ ಜಾಗ.

ಈ ಉರಿಗೆ ತುಪ್ಪ ಸುರಿದವನು ನಾನೇ. ನನಗೆ ವಿಡಿಯೋ ಗೇಮ್ ಹುಚ್ಚು. ಈ ವಯಸ್ಸಿನಲ್ಲಾ ಎಂದು ಕೇಳುವವರು ಮುಂದಿನದನ್ನು ಓದಬೇಡಿ. ಒಂದು ಗೌರಿ ಹಬ್ಬಕ್ಕೆ ಗೇಮ್ ಆಡುವ ಯಂತ್ರವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಗುಬ್ಬಿಗೆ ಹೋದೆ. ಮಾವನ ಮನೆಗೆ ದೊಡ್ಡ ಟಿವಿ ಬಂದಿತ್ತು. ಅದರ ಮೇಲೆ ನನ್ನ ಪ್ರತಾಪ ತೋರಿಸುವ ಆಸೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅದೊಂದು ಕಾಲ್ಪನಿಕ ರಾಜ್ಯ. ಕೋಟೆ, ಕಾಡು, ರಾಕ್ಷಸರು, ಕೊನೆಗೆ ಬೆಂಕಿ ಉಗುಳುವ ಒಂದು ಡ್ರ್ಯಾಗನ್. ಶುರುವಿನಲ್ಲಿ ನೀವು ಯಾರಾಗಬೇಕೆಂದು ಆರಿಸಿಕೊಳ್ಳಬೇಕು. ನಾನು ಯಾವಾಗಲೂ ಕತ್ತಿಯವನು. ಮೈತುಂಬ ಕಬ್ಬಿಣದ ಕವಚ, ಆಳೆತ್ತರದ ಕತ್ತಿ, ನುಗ್ಗುವುದು, ಕೊಚ್ಚುವುದು. ಮಾಂತ್ರಿಕನೂ ಆಗಬಹುದು. ಆದರೆ ಅವನ ಮೈಮೇಲೆ ಒಂದು ನಿಲುವಂಗಿ ಬಿಟ್ಟರೆ ಏನೂ ಇಲ್ಲ, ಎರಡೇಟು ಬಿದ್ದರೆ ಸತ್ತ. ಮಂತ್ರ ಹಾಕಿದಷ್ಟೂ ಪರದೆಯ ಮೂಲೆಯಲ್ಲಿರುವ ನೀಲಿ ಗೆರೆ ಕರಗುತ್ತದೆ. ಅದು ಮುಗಿದರೆ ಬರಿಗೈ. ಅದಕ್ಕೇ ಮಾಂತ್ರಿಕನಾಗಿ ಆಡುವವರೂ ಒಂದು ಚಿಕ್ಕ ಕತ್ತಿ ಇಟ್ಟುಕೊಂಡಿರುತ್ತಾರೆ.

ನನ್ನ ಕತ್ತಿಯವನು ಒಂದು ಸೇತುವೆಯ ಹತ್ತಿರ ಸಿಕ್ಕಿಬಿದ್ದಿದ್ದ. ಅಲ್ಲೊಬ್ಬ ದೈತ್ಯ. ಮಾವನ ಎದುರು ನಾನು ಹದಿನಾಲ್ಕು ಸಲ ನುಗ್ಗಿ ಹದಿನಾಲ್ಕು ಸಲ ಸತ್ತೆ. ಮಾವ ಆಕಳಿಸಿದರು. ಆಗ ಚಾಪೆಯ ಮೇಲಿದ್ದ ಇವನು ಮೆಲ್ಲಗೆ, ಕತ್ತಿ ಇಲ್ಲದವನು ಯಾರಾದರೂ ಇದ್ದಾನಾ ಅಣ್ಣ ಎಂದು ಕೇಳಿದ. ಮಾಂತ್ರಿಕನನ್ನು ತೋರಿಸಿದೆ. ಬೆಂಕಿ, ಮಂಜು, ಮಿಂಚು, ಮೂರು ಬಗೆಯ ಮಂತ್ರಗಳಿದ್ದವು. ಮಿಂಚಿನ ಮೇಲೆ ಬೆರಳಿಟ್ಟ.

"ಕರೆಂಟು ನಂಗೊತ್ತು ಅಣ್ಣ. ಕತ್ತಿ ಗೊತ್ತಿಲ್ಲ" ಅಂದ.

ಕಂಟ್ರೋಲರನ್ನು ಹೇಗೆ ಹಿಡಿಯಬೇಕೆಂದೂ ಗೊತ್ತಿರದವನು ಮಾರನೆಯ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಆ ಸೇತುವೆ ತಲುಪಿದ. ದೈತ್ಯನ ಮುಂದೆ ಹೋಗಿ ಸುಮ್ಮನೆ ನಿಂತ. ಹೊಡೆಯಲಿಲ್ಲ. ಬಂಡೆಯ ಹಿಂದೆ ಸರಿದು ತುಟಿ ಅಲ್ಲಾಡಿಸುತ್ತ ನೋಡಿದ. ದೈತ್ಯ ಗದೆ ಎತ್ತಿ ಬೀಸಿ ಮತ್ತೆ ಎತ್ತುವುದಕ್ಕೆ ಎಷ್ಟು ಎಣಿಕೆ ಬೇಕು ಅನ್ನುವುದನ್ನು ಎಣಿಸುತ್ತಿದ್ದ. ಏಳು. ಆರಕ್ಕೆ ಹೊರಗೆ ಬರುವುದು, ಏಳಕ್ಕೆ ಮಿಂಚು, ಮತ್ತೆ ಬಂಡೆಯ ಹಿಂದೆ. ನೀಲಿ ಗೆರೆ ತುಂಬುವವರೆಗೂ ಕಾಯುವುದು. ಮುಕ್ಕಾಲು ಗಂಟೆ ಹಿಡಿಯಿತು. ಒಂದೇಟು ತಿನ್ನಲಿಲ್ಲ. ದೈತ್ಯ ಬಿದ್ದಾಗ ಮಾವ ತೊಡೆ ತಟ್ಟಿದರು. ನಿಲುವಂಗಿ ನೋಡಿ ಅವರು ಆ ಮಾಂತ್ರಿಕನಿಗೆ ಸ್ವಾಮಿಗಳು ಎಂದು ಹೆಸರಿಟ್ಟಿದ್ದರು.

"ಗದೆ ಇಲ್ಲ, ಕಿರೀಟ ಇಲ್ಲ. ನಿಮ್ ಸ್ವಾಮಿಗಳು ಬಲೇ ಘಾಟಿ ಕಣಪ್ಪ" ಅಂದರು.

ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ಬಾಯಲ್ಲಿ ಬೈದಿದ್ದರೆ ವಾಸಿಯಿತ್ತು.

ಹೊರಡುವಾಗ ಮಾವ, ಆ ಡಬ್ಬ ಇಲ್ಲೇ ಇರಲಿ ಬುಡಿ ಅಳಿಯಂದ್ರೇ, ಎಂದರು. ನನ್ನ ಯಂತ್ರ, ನನ್ನ ಆಟ, ಗುಬ್ಬಿಯಲ್ಲೇ ಉಳಿಯಿತು. ಅಂದಿನಿಂದ ಭಾನುವಾರ ಸಿಕ್ಕಾಗಲೆಲ್ಲ ಅವನು ಕುಣಿಗಲ್‌ನಿಂದ ಬಸ್ ಬದಲಾಯಿಸಿಕೊಂಡು ಬರುವುದು, ಮಾವ ಕಾಯುತ್ತ ಕೂರುವುದು. ನಾನು ಫೋನ್ ಮಾಡಿದರೂ ಮಾವ, ಸ್ವಾಮಿಗಳು ಈಗ ಕಾಡು ದಾಟಿದರು, ಈಗ ಕೆರೆ ದಾಟಿದರು ಎಂದು ವರದಿ ಒಪ್ಪಿಸುವರು. ನನ್ನ ಬಿಪಿ ಹೇಗಿದೆ ಎಂದು ಕೇಳುವುದನ್ನೇ ಬಿಟ್ಟಿದ್ದರು. ಕೇಳಿದ್ದರೆ ಜಾಸ್ತಿಯಾಗಿದೆ ಅಂತಿದ್ದೆ.

ಒಂದು ಸಲ ನಾನೂ ಇದ್ದಾಗ ಪೆಟ್ಟಿಗೆಯೊಂದರಲ್ಲಿ ಚಿನ್ನದ ಹಿಡಿಯ ಕತ್ತಿ ಸಿಕ್ಕಿತು. ನನ್ನವನಿಗೆ ಎಂದೂ ಸಿಗದ ಕತ್ತಿ. ತಗೊಳ್ಲಾ ಎಂದು ಕಿರುಚಿದೆ. ಅವನು ಪೆಟ್ಟಿಗೆಯ ಮುಚ್ಚಳ ಹಾಕಿ ಮುಂದೆ ನಡೆದ.

"ಎರಡು ಕೆಲ್ಸ ಹಿಡ್ಕಂಡ್ರೆ ಎರಡೂ ಅರ್ಧಂಬರ್ಧ ಆಯ್ತವೆ ಅಣ್ಣ."

ಇನ್ನು ನಾನು ಮಾಡಿದ್ದು.

ಮುಂದಿನ ಯುಗಾದಿ ಹೊತ್ತಿಗೆ ಅವನ ಮಾಂತ್ರಿಕ ಡ್ರ್ಯಾಗನ್ನಿನ ಕೋಟೆಯ ಬಾಗಿಲಿಗೆ ಬಂದಿದ್ದ. ಆಟದಲ್ಲಿ ಗೆದ್ದಂತೆಲ್ಲ ಪಾಯಿಂಟ್ ಸಿಗುತ್ತವೆ. ಅವನ್ನು ಯಾವ ವಿದ್ಯೆಗೆ ಹಾಕುತ್ತೀರೋ ಆ ವಿದ್ಯೆ ಬೆಳೆಯುತ್ತದೆ. ಒಮ್ಮೆ ಹಾಕಿದರೆ ವಾಪಸ್ ಇಲ್ಲ, ಆಟ ತಾನಾಗಿ ಉಳಿಸಿಕೊಂಡುಬಿಡುತ್ತದೆ. ಎಲ್ಲಕ್ಕಿಂತ ದೊಡ್ಡ ಮಿಂಚಿನ ಮಂತ್ರಕ್ಕೆ ಹನ್ನೊಂದು ಪಾಯಿಂಟ್ ಬೇಕು. ಅವನು ತಿಂಗಳುಗಟ್ಟಲೆ ಒಂದನ್ನೂ ಖರ್ಚು ಮಾಡದೆ ಹನ್ನೊಂದು ಕೂಡಿಟ್ಟಿದ್ದ. ಹಬ್ಬದೂಟ ಆಗಲಿ, ಸಂಜೆ ಎಲ್ಲರೂ ಕೂತಾಗ ಮುಗಿಸೋಣ ಎಂದಿದ್ದ. ಮಾವ ಪಕ್ಕದ ಮನೆಯವರನ್ನೂ ಕರೆದಿದ್ದರು.

ಒಬ್ಬಟ್ಟಿನೂಟದ ಮೇಲೆ ಮನೆಗೆ ಮನೆಯೇ ಮಲಗಿತು. ಅವನು ಚಾಪೆಯ ಮೇಲೆ, ಆ ಅಂಗೈ ಎದೆಯ ಮೇಲಿಟ್ಟುಕೊಂಡು. ಮಾವ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು. ನಾನು ಟಿವಿಯ ಶಬ್ದ ಪೂರ್ತಿ ಇಳಿಸಿ, ಕಂಟ್ರೋಲರ್ ಎತ್ತಿಕೊಂಡು ಹನ್ನೊಂದಕ್ಕೆ ಹನ್ನೊಂದನ್ನೂ ಕತ್ತಿವಿದ್ಯೆಗೆ ಸುರಿದೆ. ಎರಡು ನಿಮಿಷದ ಕೆಲಸ. ಆಮೇಲೆ ಅಡುಗೆಮನೆಗೆ ಹೋಗಿ ಇನ್ನೊಂದು ಒಬ್ಬಟ್ಟು ತಿಂದೆ. ರುಚಿಯಾಗಿತ್ತು. ಸುಳ್ಳು ಹೇಳಿ ಏನು ಮಾಡಲಿ.

ಸಂಜೆ ಕಾಫಿಯ ಹೊತ್ತಿಗೆ ಎಲ್ಲರೂ ಸೇರಿದರು. ಅವನು ಟಿವಿ ಹಾಕಿದ. ಪರದೆಯನ್ನು ಬಹಳ ಹೊತ್ತು ನೋಡಿದ. ತುಟಿ ಅಲ್ಲಾಡಿತು, ಎಣಿಸಿಕೊಂಡ. ಏನಾಯ್ತಪ್ಪ ಎಂದು ಮಾವ ಕೇಳಿದರು. ಕೈತಪ್ಪಿ ಒತ್ತಿಬಿಟ್ಟೆ ಮಾವ, ಅಂದ. ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡದೇ ಇದ್ದದ್ದರಿಂದಲೇ ಅವನಿಗೆ ಗೊತ್ತಾಗಿದೆ ಎಂದು ನನಗೆ ತಿಳಿಯಿತು.

ನಾನು ಧೈರ್ಯ ಮಾಡಿ, "ಏನಾಯ್ತೀಗ? ಕತ್ತಿ ಬಂತಲ್ಲ, ಹಿಡ್ಕಂಡು ನುಗ್ಲಾ" ಅಂದೆ.

"ಎಣಿಕೆ ತಪ್ಪಿದ್ ಕಾಯಿಲ್ನ ಬಿಚ್ಲೇಬೇಕು ಅಣ್ಣ. ಹಂಗೇ ಬುಟ್ರೆ ಬೋರೊಳಕ್ಕೆ ಇಳಿದ್ಮೇಲೆ ಸುಡ್ತದೆ."

ಅಷ್ಟು ಹೇಳಿ, ಏಳು ತಿಂಗಳ ಮಾಂತ್ರಿಕನನ್ನು ಅಳಿಸಿಹಾಕಿದ. ಪಕ್ಕದ ಮನೆಯವರು ಕಾಫಿ ಕುಡಿದು ಎದ್ದುಹೋದರು. ಹೊಸ ಮಾಂತ್ರಿಕ, ಮೊದಲನೇ ಲೆವೆಲ್, ಅದೇ ನಿಲುವಂಗಿ, ಅದೇ ಮಿಂಚು. ತುಮಕೂರಿಗೆ ಬರುವ ದಾರಿಯಲ್ಲಿ ಹೆಂಡತಿ ಕೇಳಿದಳು, ನೀವೇ ತಾನೇ ಎಂದು. ಅಲ್ಲ ಅಂದೆ. ಅವಳು ಮನೆ ಬರುವವರೆಗೂ ಕಿಟಕಿಯ ಕಡೆಗೇ ತಿರುಗಿ ಕೂತಳು.

ಅವನು ನನ್ನ ಮೇಲೆ ಕೋಪ ಮಾಡಿಕೊಂಡಿದ್ದರೆ ನಾನು ಗೆದ್ದಂತೆ ಆಗುತ್ತಿತ್ತು. ಮಾಡಿಕೊಳ್ಳಲಿಲ್ಲ. ಆ ಬೇಸಿಗೆ ನಮ್ಮ ಮನೆಯ ಸಂಪಿನ ಮೋಟಾರ್ ಸುಟ್ಟಾಗ ತಾನೇ ಬಂದು ಬಿಚ್ಚಿಕೊಂಡು ಹೋಗಿ, ಕಟ್ಟಿ, ತಂದು ಕೂರಿಸಿದ. ಅದೂ ಹೊಟ್ಟೆಕಿಚ್ಚಿಗೇ ಸೇರಿತು. ಅಷ್ಟು ನೆಮ್ಮದಿ ಒಬ್ಬ ಮನುಷ್ಯನಿಗೆ ಎಲ್ಲಿಂದ ಬರುತ್ತದೆ?

ಎರಡನೇ ಮಾಂತ್ರಿಕನನ್ನು ಇನ್ನೂ ನಿಧಾನವಾಗಿ ಬೆಳೆಸಿದ. ಅಂಗಡಿಯಲ್ಲಿ ಕೆಲಸ ಜಾಸ್ತಿ, ಭಾನುವಾರಗಳು ಕಡಿಮೆ. ಕೋಟೆಯ ಬಾಗಿಲಿಗೆ ಮತ್ತೆ ಬರುವಷ್ಟರಲ್ಲಿ ಇನ್ನೊಂದು ವರ್ಷವೇ ಕಳೆದಿತ್ತು. ಹತ್ತು ಪಾಯಿಂಟ್ ಕೂಡಿಟ್ಟಿದ್ದ. ಇನ್ನೊಂದು ಬೇಕಿತ್ತು.

ಆವತ್ತು ಸೋಮವಾರ. ಹುಲಿಯೂರುದುರ್ಗದ ಕಡೆಯ ರೈತರೊಬ್ಬರು ಮೋಟಾರಿಗಾಗಿ ಅಂಗಡಿಯಲ್ಲೇ ಕಾಯುತ್ತ ಕೂತಿದ್ದರಂತೆ. ಕಾಯಿಲ್ ಸುತ್ತುತ್ತಿದ್ದವನು ನಡುವೆ ಎದೆ ಹಿಡಿದುಕೊಂಡ. ಬೆವರು ಇಳಿಯುತ್ತಿತ್ತು. ಎದ್ದೇಳಿ, ಆಸ್ಪತ್ರೆಗೆ ಹೋಗೋಣ ಅಂದರಂತೆ ಆ ರೈತರು. ಅಂಗೈ ಎತ್ತಿ ತೋರಿಸಿದ. ತುಟಿ ಅಲ್ಲಾಡುತ್ತಲೇ ಇತ್ತು. ಸುತ್ತು ಮುಗಿಸಿ, ಎಷ್ಟಾಯಿತೆಂದು ಮೋಟಾರಿನ ಮೈಮೇಲೆ ಸೀಮೆಸುಣ್ಣದಲ್ಲಿ ಬರೆದು, ಆಮೇಲೆ ಗ್ಯಾಸ್ಟ್ರಿಕ್ ಇರಬೇಕು, ಒಂದು ಸೋಡ ತರಿಸಿ ಅಂದನಂತೆ. ಸೋಡ ಬಂತು. ಕುಡಿಯಲು ಅವನಿರಲಿಲ್ಲ. ನಲವತ್ತೆರಡು ವರ್ಷ.

ತಿಥಿಯ ದಿನ ಆ ರೈತರು ಬಂದು ಇಷ್ಟನ್ನೂ ಹೇಳಿ ಅತ್ತರು. ಅವನ ಅಂಗಡಿಯಲ್ಲಿ ಕೆಲಸ ಕಲಿತು ಬೇರೆ ಅಂಗಡಿ ಇಟ್ಟವನೊಬ್ಬ ಆ ಮೋಟಾರಿನ ಉಳಿದ ಕೆಲಸ ಮುಗಿಸಿಕೊಟ್ಟಿದ್ದನಂತೆ. ಸೀಮೆಸುಣ್ಣದ ಲೆಕ್ಕ ಸರಿಯಾಗಿತ್ತಂತೆ. ನೀರು ಬಂತಂತೆ. ನನ್ನ ನಾದಿನಿ ಕಂಬಕ್ಕೊರಗಿ ಎಲ್ಲವನ್ನೂ ಕೇಳಿಸಿಕೊಂಡಳು. ನನಗೆ ಮಾತ್ರ ತಲೆಯಲ್ಲಿ ಒಂದೇ ಸುತ್ತುತ್ತಿತ್ತು: ನಾನು ಕೈ ಹಾಕದಿದ್ದರೆ ಅವನು ಆ ಯುಗಾದಿಯ ಸಂಜೆಯೇ, ಎಲ್ಲರ ಮುಂದೆ, ಮುಗಿಸಿರುತ್ತಿದ್ದ.

ಗುಬ್ಬಿಯ ಮನೆಯಲ್ಲಿ ಅರ್ಧ ವರ್ಷ ಆ ಟಿವಿ ಹಾಕಲಿಲ್ಲ. ಆಮೇಲೊಂದು ಭಾನುವಾರ ನಾನು ಒಬ್ಬನೇ ಹೋಗಿ, ಕುರ್ಚಿ ಬಿಟ್ಟು ಚಾಪೆಯ ಮೇಲೆ ಕೂತು, ಮಾವನಿಗೆ ಹೇಳಿದೆ. ಆವತ್ತು ಪಾಯಿಂಟ್ ಹಾಳು ಮಾಡಿದ್ದು ಅವನಲ್ಲ, ನಾನು.

"ಗೊತ್ತು" ಅಂದರು ಮಾವ. "ನಂಗೆ ನಿದ್ದೆ ಬಂದಿರ್ಲಿಲ್ಲ. ಅವ್ನಿಗೂ ಹೇಳ್ದೆ, ಯಾಕಪ್ಪ ನಿನ್ ತಲೆ ಮೇಲೆ ಹಾಕ್ಕಂಡೆ ಅಂತ. ಮನೆ ತುಂಬ ಜನ ಇದ್ರು ಮಾವ, ಅಣ್ಣ ದೊಡ್ಡೋರು, ಅವ್ರು ತಲೆ ತಗ್ಗಿಸ್ಬಾರ್ದು ಅಂದ."

ನಾನು ತಲೆ ತಗ್ಗಿಸಿಯೇ ಕೂತಿದ್ದೆ. ಮಾವ ಎದ್ದು ಹೋಗಿ ಕಂಟ್ರೋಲರ್ ತಂದು, ಪಂಚೆಯ ತುದಿಯಲ್ಲಿ ಧೂಳು ಒರೆಸಿ ನನ್ನ ಮಡಿಲಿಗೆ ಹಾಕಿದರು.

"ಮುಗ್ಸಪ್ಪ ನೀನೇ. ಕತ್ತಿ ಮುಟ್ಬೇಡ."

ಹದಿನೆಂಟು ವರ್ಷಗಳಲ್ಲಿ ಮೊದಲ ಸಲ ನನ್ನನ್ನು ನೀನು ಅಂದರು. ಅಷ್ಟು ವರ್ಷ ಅವನಿಂದ ಕಿತ್ತುಕೊಳ್ಳಬೇಕೆಂದಿದ್ದ ಮಾತು ಅದು. ಟಿವಿ ಹಾಕಿದೆ.

ಇನ್ನೂ ಮುಗಿದಿಲ್ಲ. ಹನ್ನೊಂದನೇ ಪಾಯಿಂಟ್ ನಾನೇ ಗಳಿಸಿದೆ, ಆ ದೊಡ್ಡ ಮಿಂಚನ್ನೂ ಕಲಿತೆ. ಡ್ರ್ಯಾಗನ್ ಮುಂದೆ ಪ್ರತಿ ಸಲವೂ ಸಾಯುತ್ತೇನೆ. ನನ್ನ ಕೈ ನುಗ್ಗುವ ಕೈ. ನಾಲ್ಕರ ಎಣಿಕೆಗೇ ಹೊರಗೆ ಬಂದುಬಿಡುತ್ತೇನೆ, ಈ ಡ್ರ್ಯಾಗನ್ನಿಗೆ ಒಂಬತ್ತಕ್ಕೆ ಬರಬೇಕು. ಪಕ್ಕದಲ್ಲಿ ಮಾವ ಒಂದೊಂದು ಸಲ, ಅವ್ನಾಗಿದ್ರೆ, ಎಂದು ಶುರು ಮಾಡಿ ನಿಲ್ಲಿಸುತ್ತಾರೆ. ಉಳಿದ ಅರ್ಧ ವಾಕ್ಯ ನನಗೆ ಗೊತ್ತು. ಅದನ್ನು ಕೇಳಿದಾಗಲೆಲ್ಲ, ನಿಜ ಹೇಳಬೇಕೆಂದರೆ, ಈಗಲೂ ಹೊಟ್ಟೆ ಉರಿಯುತ್ತದೆ. ಸತ್ತವನ ಮೇಲೆ. ಅವನ ಗೆಲುವನ್ನು ತಿಂದವನು ನಾನೇ ಆಗಿದ್ದರೂ.

ಹೋದ ಭಾನುವಾರ ಗುಬ್ಬಿಯ ಮನೆಯಲ್ಲಿ, ಕೋಟೆಯ ಕಂಬದ ಹಿಂದೆ ಮಾಂತ್ರಿಕನನ್ನು ನಿಲ್ಲಿಸಿಕೊಂಡಿದ್ದೆ. ನೀಲಿ ಗೆರೆ ತುಂಬುತ್ತಿತ್ತು. ಐದು, ಆರು. ಹೆಂಡತಿ ಅಡುಗೆಮನೆಯಿಂದ ಬಂದು, ಎಲೆ ಹಾಕಿದೆ, ಎದ್ದೇಳಿ, ಎಂದಳಂತೆ. ನಾನು ತಿರುಗಲೂ ಇಲ್ಲವಂತೆ. ಎಡ ಅಂಗೈಯನ್ನು ಎತ್ತಿ ಅವಳ ಮುಖದ ಮುಂದೆ ಹಿಡಿದೆನಂತೆ.

ಅವಳು ಆಮೇಲೆ ಹೇಳಿದ್ದು ಇದು. ನನಗೆ ಗೊತ್ತಾಗಿದ್ದು ಒಂದೇ, ಹಿಂದೆ ಯಾರೋ ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಿದ ಸದ್ದು. ಎಣಿಕೆ ತಪ್ಪಿತು. ಮತ್ತೆ ಒಂದರಿಂದ ಶುರು ಮಾಡಿದೆ.