ಏರಿನಲ್ಲಿ ನಿಂತ ಗಾಡಿ

ದಹಿಸರ್ ಸ್ಟೇಶನ್ನಿನ ಮೇಲ್ಸೇತುವೆಯ ಮೆಟ್ಟಿಲುಗಳ ನಡುವೆ ನಿಂತುಬಿಡುವವರನ್ನು ನೀವು ಗಮನಿಸಿದ್ದೀರೋ ಇಲ್ಲವೋ, ನಾನಂತೂ ಗಮನಿಸುತ್ತಲೇ ಬಂದಿದ್ದೇನೆ. ಉಸಿರು ಸಾಲದೆ ನಿಂತೆ ಎಂದು ಒಪ್ಪಿಕೊಳ್ಳುವ ಪ್ರಾಣಿ ಅಲ್ಲಿ ಒಂದೂ ಇಲ್ಲ. ಒಬ್ಬರು ಗಡಿಯಾರಕ್ಕೆ ಕೀಲಿ ಕೊಡುತ್ತಾರೆ, ಇನ್ನೊಬ್ಬರು ಪಾಸಿಗಾಗಿ ಜೇಬು ತಡಕುತ್ತಾರೆ, ಮತ್ತೊಬ್ಬರು ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸುವ ಸರಳ ಕಾರ್ಯವನ್ನು ಷೋಡಶ ಸಂಸ್ಕಾರಗಳಲ್ಲೊಂದೆಂಬಂತೆ ಸಾವಕಾಶವಾಗಿ ನೆರವೇರಿಸುತ್ತಾರೆ. ನಾನು ಗೋಡೆಯ ಮೇಲಿನ ಜಾಹೀರಾತು ಓದುತ್ತೇನೆ. ಮೂಲವ್ಯಾಧಿಯನ್ನು ನಿರ್ಮೂಲ ಮಾಡುವ ವೈದ್ಯರೊಬ್ಬರ ವಿಳಾಸ ಈ ಕಾರಣದಿಂದಲೇ ನನಗೆ ಬಾಯಿಪಾಠವಾಗಿದೆ. ವ್ಯಾಧಿ ಮಾತ್ರ, ದೇವರ ದಯೆಯಿಂದ, ನನಗಿಲ್ಲ.

ಹೀಗೆ ನಿಂತಾಗಲೆಲ್ಲ ನನಗೊಂದು ಗಾಡಿ ನೆನಪಾಗುತ್ತದೆ. ಎಂಬತ್ತರ ದಶಕದಲ್ಲಿ ನಾನು ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ಆಡಳಿತಾಧಿಕಾರಿಯಾಗಿದ್ದೆ. ಬಿರುದು ಕೇಳಿ ನಮ್ಮ ಮೈಸೂರಿನ ನೆಂಟರು ಹಿಗ್ಗುತ್ತಿದ್ದರು; ನನ್ನ ಸಾಮ್ರಾಜ್ಯವೋ ಕ್ಯಾಂಟೀನು, ಕಕ್ಕಸು ಮತ್ತು ಹುಲ್ಲುಹಾಸಿಗೆ ಮುಗಿಯುತ್ತಿತ್ತು. ಮನುಷ್ಯನಿಗೆ ಕಾಲು ಚಾಚಲು ಜಾಗವಿಲ್ಲದ ಊರಿನಲ್ಲಿ ನಮ್ಮ ಕಂಪನಿ, ವಿದೇಶಿ ಅತಿಥಿಗಳ ಕಣ್ಣಿಗೆ ತಂಪಾಗಲೆಂದು, ಗೇಟಿನಿಂದ ಗೆಸ್ಟ್‌ಹೌಸಿನವರೆಗೆ ಇಳಿಜಾರಾದ ದೊಡ್ಡ ಹಸಿರು ಹಾಸು ಬೆಳೆಸಿತ್ತು. ಅದನ್ನು ಕತ್ತರಿಸಲು ವಿದೇಶದಿಂದಲೇ ಬಂದ, ಮೇಲೆ ಕೂತು ಓಡಿಸುವ ಕೆಂಪು ಗಾಡಿಯೊಂದಿತ್ತು. ಅದಕ್ಕೆ ಗೇರಿಲ್ಲ, ಕ್ಲಚ್ಚಿಲ್ಲ. ಒಂದು ಲಿವರನ್ನು ಕೈಯಲ್ಲಿ ಮುಂದೆ ತಳ್ಳಿದರೆ ಮುಂದಕ್ಕೆ, ಹಿಂದೆ ಎಳೆದರೆ ಹಿಂದಕ್ಕೆ ಹೋಗುತ್ತಿತ್ತು. ಎಂಜಿನ್ನು ಎಣ್ಣೆಯನ್ನು ಒತ್ತುತ್ತದೆ, ಎಣ್ಣೆ ಚಕ್ರವನ್ನು ತಿರುಗಿಸುತ್ತದೆ. ಈ ಏರ್ಪಾಡಿನ ಹೆಸರು ಹೈಡ್ರೋಸ್ಟ್ಯಾಟಿಕ್ ಟ್ರಾನ್ಸ್‌ಮಿಷನ್. ಕನ್ನಡ ಸಂಘದ ಸದಸ್ಯನಾದ ತಪ್ಪಿಗೆ ನಾನಿದನ್ನು 'ದ್ರವಸ್ಥಿತಿಕ ಸಂವಾಹಕ' ಎಂದು ಅನುವಾದಿಸಿ, ಮನೆಯಾಕೆಯಿಂದ ಒಂದು ನೋಟವನ್ನು ಸಂಪಾದಿಸಿದ್ದೆ.

ಗಾಡಿಯ ಸಾರಥಿ ವಿಜಾಪುರದ ಕಡೆಯ ಹುಸೇನ್‌ಸಾಬರು. ತಗಡು ಒತ್ತುವ ಪ್ರೆಸ್ ಶಾಪಿನಲ್ಲಿದ್ದಾಗ ಕಬ್ಬಿಣದ ತುಂಡು ಬಿದ್ದು ಅವರ ಎಡಗಾಲು ಸೊಟ್ಟಗಾಗಿತ್ತು. ನಿಂತು ಮಾಡುವ ಕೆಲಸ ಇನ್ನಾಗದು ಎಂದಾಗ ಕಂಪನಿಯಲ್ಲಿ ಅವರಿಗೆ ಸಿಕ್ಕ ಕೂರುವ ಕೆಲಸ ಇದೊಂದೇ. ಬೈಕುಲ್ಲಾದ ಚಾಳಿನ ಒಂಟಿ ಕೋಣೆಯಿಂದ ಕುಂಟುತ್ತ ಬಂದವರು ಆ ಸೀಟಿನ ಮೇಲೆ ಏರಿದರೆ ಮದುವಣಿಗನ ಠೀವಿ ಬರುತ್ತಿತ್ತು.

ಒಂದು ಬೇಸಗೆಯಲ್ಲಿ ಗಾಡಿ ವಿಚಿತ್ರ ಹಟ ಹಿಡಿಯಿತು. ಬೆಳಿಗ್ಗೆ ತಣ್ಣಗಿರುವಾಗ ಸರಾಗವಾಗಿ ಓಡುತ್ತದೆ. ಮೈ ಬಿಸಿಯಾಯಿತೋ, ಏರಿನಲ್ಲಿ ಎಂಜಿನ್ನು ಎಷ್ಟು ಅಬ್ಬರಿಸಿದರೂ ಚಕ್ರ ಮಿಸುಕುವುದಿಲ್ಲ. ಪರಿಚಯದ ಮೆಕ್ಯಾನಿಕ್ ಬಂದು ನೋಡಿ, ಒಳಗಿನ ಪಂಪು ಸವೆದಿದೆ, ಕಾದ ಎಣ್ಣೆ ತೆಳ್ಳಗಾಗಿ ಸಂದಿಯಲ್ಲಿ ನುಸುಳಿಹೋಗುತ್ತದೆ, ಒತ್ತಡ ನಿಲ್ಲುವುದಿಲ್ಲ, ಭಾಗಗಳು ಈ ದೇಶದಲ್ಲಿ ಸಿಗುವುದಿಲ್ಲ ಎಂದು ಹೇಳಿ ಕೈತೊಳೆದುಕೊಂಡ. ಆಗಿನ ದಿನಗಳಲ್ಲಿ ಪರದೇಶದಿಂದ ಬಿಡಿಭಾಗ ತರಿಸುವುದೆಂದರೆ ಗಂಗೆಯನ್ನು ಧರೆಗಿಳಿಸಿದಷ್ಟೇ ಸುಲಭ. ಗಾಡಿಯನ್ನು ಗುಜರಿಗೆ ಹಾಕಬೇಕೆಂಬ ಮಾತೆದ್ದಿತು. ಗಾಡಿ ಗುಜರಿಗೆ ಹೋದರೆ ಹುಸೇನ್‌ಸಾಬರು ಮನೆಗೆ. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ತೀರ್ಮಾನ ಮಾಡಬೇಕಾದವರು ಹೆಡ್ ಆಫೀಸಿನ ದೇಶಪಾಂಡೆ ಸಾಹೇಬರು, ಧಾರವಾಡದವರು, ಸ್ಥೂಲಕಾಯರು, ಕಟ್ಟುನಿಟ್ಟಿನವರು. ಅವರು ನೋಡಲು ಬರುವ ದಿನ, ಬೆಳಿಗ್ಗೆ ತಣ್ಣಗಿರುವಾಗಲೇ ಗಾಡಿ ತೋರಿಸಿ ಪಾರಾಗೋಣವೆಂದು ನಾನೂ ಹುಸೇನ್‌ಸಾಬರೂ ಸಂಚು ಹೂಡಿದೆವು. ಆದರೆ ಸಾಹೇಬರು ಬಂದದ್ದು ತಡವಾಗಿ. ಅಷ್ಟರಲ್ಲಿ ಹುಸೇನ್‌ಸಾಬರು, ಹಾಸು ಒಪ್ಪವಾಗಿ ಕಾಣಲೆಂಬ ಆತಂಕದಲ್ಲಿ, ಕೆಳಗಿನ ಭಾಗವನ್ನೆಲ್ಲ ಕತ್ತರಿಸಿ ಗಾಡಿಯನ್ನು ಕಾದ ಕಾವಲಿ ಮಾಡಿಟ್ಟಿದ್ದರು!

ಸಾಹೇಬರು ಹುಸೇನ್‌ಸಾಬರು ಓಡಿಸುತ್ತಿದ್ದ ಗಾಡಿಯ ಪಕ್ಕದಲ್ಲೇ ಏರು ಹತ್ತತೊಡಗಿದರು. ನಾನು ಹಿಂದೆ, ಗೊತ್ತಿದ್ದ ದೇವರನ್ನೆಲ್ಲ ನೆನೆಯುತ್ತ. ಅರ್ಧ ದಾರಿಯಲ್ಲಿ ಗಾಡಿ ಗೊರಗೊರ ಎಂದು ನಿಂತಿತು. ಆಯಿತು, ಮುಗಿಯಿತು ಎಂದುಕೊಂಡೆ. ಸಾಹೇಬರೂ ನಿಂತು, ಮಡ್‌ಗಾರ್ಡಿನ ಮೇಲೆ ಕೈಯೂರಿ, ಬಗ್ಗಿ ಟೈರನ್ನು ಪರಿಶೀಲಿಸತೊಡಗಿದರು. ಪರಿಶೀಲನೆ ಮುಗಿಯಲೇ ಇಲ್ಲ. ನೋಡನೋಡುತ್ತ ಅವರ ಅಂಗಿಯ ಬೆನ್ನು ತೊಯ್ದು ಹೋಯಿತು. ಜೊತೆಗೆ ಬಂದಿದ್ದ ಆಫೀಸಿನವರು ಸಾಹೇಬರ ಸೂಕ್ಷ್ಮದೃಷ್ಟಿಯನ್ನು ಮೆಚ್ಚಿ ತಲೆದೂಗುತ್ತಿದ್ದರು; ದಹಿಸರಿನ ಮೆಟ್ಟಿಲುಗಳಲ್ಲಿ ಪಳಗಿದ ನನಗೆ ಮಾತ್ರ ಅದು ಯಾವ ಪರಿಶೀಲನೆಯೆಂದು ತಿಳಿದುಹೋಯಿತು.

ಹುಸೇನ್‌ಸಾಬರಿಗೂ ತಿಳಿದಿತ್ತು. ಎಂಜಿನ್ನು ಆರಿಸಿ, ಸೊಟ್ಟಗಾಲನ್ನು ಊರಿಕೊಂಡು ಇಳಿದು, ತಮ್ಮ ಸೀಟನ್ನು ಹೆಗಲ ವಸ್ತ್ರದಿಂದ ಒರೆಸಿದರು. "ಕುಂದರ್ರಿ ಸಾಹೇಬ್ರ. ಸ್ವಲ್ಪ ತಣ್ಣಗಾಗ್ಲಿ. ಆಮ್ಯಾಲೆ ಏರತೈತಿ."

ಸಾಹೇಬರು ಅವರ ಮುಖವನ್ನೊಮ್ಮೆ ನೋಡಿ ಕೂತರು. ನಾನು ಕ್ಯಾಂಟೀನಿನಿಂದ ಚಹಾ ತರಿಸಿದೆ; ಅದು ಮುಗಿದ ಮೇಲೆ ಇನ್ನೊಮ್ಮೆ ತರಿಸಿದೆ. ಅವರಿಬ್ಬರೂ ತಮ್ಮ ಊರ ಕಡೆಯ ಜೋಳದ ರೊಟ್ಟಿಯ ಬಗ್ಗೆ ಮಾತಾಡಿದರು. ಸಾಹೇಬರ ಮುಖಕ್ಕೆ ಬಣ್ಣ ಮರಳಿತು. ಕೊನೆಗೆ ಹುಸೇನ್‌ಸಾಬರು ಎಂಜಿನ್ನು ಚಾಲೂ ಮಾಡಿ, ಸಾಹೇಬರ ಕೈಯನ್ನು ಲಿವರಿನ ಮೇಲಿಟ್ಟರು. ಗಾಡಿ ಆ ಭಾರವನ್ನು ಹೊತ್ತು, ಅವಸರವಿಲ್ಲದೆ, ಏರು ಹತ್ತಿತು. ಅದರ ಹಿಂದೆ ಹುಸೇನ್‌ಸಾಬರು ಕುಂಟುತ್ತ ನಡೆದರು.

ಮೇಲೆ ತಲುಪಿ ಇಳಿದ ಸಾಹೇಬರು ನನಗೆ ಹೇಳಿದ್ದು ಇಷ್ಟೇ: "ಮುಂಜಾನಿ ತಂಪಿನ್ಯಾಗ ಎಷ್ಟಾಗ್ತದ ಅಷ್ಟ ಕತ್ತರಿಸ್ಲಿ. ಗಡಿಬಿಡಿ ಏನದ?"

ಅಂದಿನಿಂದ ನಮ್ಮ ಹುಲ್ಲುಹಾಸು ಅರ್ಧ ಕ್ಷೌರ ಮಾಡಿಸಿಕೊಂಡು ಎದ್ದುಬಂದವನ ತಲೆಯಂತೆ ಇರುತ್ತಿತ್ತು. ಅತಿಥಿಗಳು ಅದನ್ನು ಭಾರತೀಯ ಶೈಲಿಯೆಂದು ತಿಳಿದಿರಬೇಕು. ಹುಸೇನ್‌ಸಾಬರು ನಿವೃತ್ತರಾಗುವ ದಿನದವರೆಗೂ ಆ ಸೀಟಿನ ಮೇಲೆಯೇ ಇದ್ದರು. ಗುಜರಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ನಿನ್ನೆ ಸಂಜೆ ಮೇಲ್ಸೇತುವೆಯ ಅದೇ ಮೆಟ್ಟಿಲಿನ ಮೇಲೆ ನಾನು ವೈದ್ಯರ ವಿಳಾಸದಲ್ಲಿ ತಲ್ಲೀನನಾಗಿದ್ದಾಗ, ತರಕಾರಿ ಚೀಲ ಹಿಡಿದ ಹಿರಿಯರೊಬ್ಬರು ಪಕ್ಕದಲ್ಲಿ ನಿಂತು, ತಾವೂ ಏಕಾಗ್ರಚಿತ್ತದಿಂದ ಅದನ್ನೇ ಓದತೊಡಗಿದರು. ನಾನು ಗೋಡೆಯಿಂದ ಕಣ್ಣು ತೆಗೆದೆ. ಕಂಬಿ ಹಿಡಿದು ನಿಂತಿದ್ದ ಜಾಗದಿಂದ ಪಕ್ಕಕ್ಕೆ ಸರಿದು, ಅವರ ಕೈಗೂ ಅಷ್ಟು ಕಂಬಿ ಬಿಟ್ಟುಕೊಟ್ಟೆ.